ಲಾಗ್‌ಬುಕ್ಕಿನ ಭೂತಕಾಲ, ಯಂತ್ರದ ವರ್ತಮಾನ

ತುಮಕೂರು ಬಳಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ನಾನು ದುಡಿಯುವ ಕಾರ್ಖಾನೆಯಲ್ಲಿ ಶಿಫ್ಟ್ ಲಾಗ್ ಇಂಗ್ಲಿಷಿನಲ್ಲೇ ಇರಬೇಕು. ಆಡಿಟ್‌ಗೆ ಬರುವವರಿಗೆ ಓದಲು ಅನುಕೂಲವಾಗಬೇಕು ಎಂಬುದು ಕಾರಣ. ಬರೆಯುವವರು ಶಿರಾ, ಮಧುಗಿರಿ, ಕೊರಟಗೆರೆ ಕಡೆಯಿಂದ ಐಟಿಐ ಮುಗಿಸಿ ಬಂದ ಹುಡುಗರು. ಓದುವ ನಾನೂ ಕನ್ನಡ ಮಾಧ್ಯಮದವನೇ. ಆಡಿಟರ್ ಆ ಪುಸ್ತಕವನ್ನು ಅಪರೂಪಕ್ಕೆ ತೆರೆಯುತ್ತಾರೆ. ನಾವು ಪ್ರತಿ ಪಾಳಿಯಲ್ಲೂ ಅದನ್ನು ನಂಬಿ ಯಂತ್ರಕ್ಕೆ ಕೈ ಹಾಕುತ್ತೇವೆ.

ಒಂದು ರಾತ್ರಿ ಹೈಡ್ರಾಲಿಕ್ ಪ್ರೆಸ್ಸಿನ ಸಿಲಿಂಡರ್ ಸೀಲ್ ಹೋಗಿತ್ತು. ಬೆಳಿಗ್ಗೆ ನಾನು ಚಾರ್ಜ್ ತೆಗೆದುಕೊಂಡಾಗ ಮೇಂಟೆನೆನ್ಸ್ ಕಾಲಮ್ಮಿನಲ್ಲಿ ಹೀಗಿತ್ತು: ‘3:10 – ಪ್ರೆಷರ್ ವಾಸ್ ರಿಲೀಸ್ಡ್. ಸೀಲ್ ವಾಸ್ ರಿಪ್ಲೇಸ್ಡ್. ಸ್ಮಾಲ್ ಲೀಕ್ ಅಟ್ ಯೂನಿಯನ್.’ ಕರೆಂಟ್ ಕಡಿಯುವ ಐಸೋಲೇಟರಿಗೆ ಬೀಗ ಬಿದ್ದಿತ್ತು, ಬೀಗಕ್ಕೆ ಟ್ಯಾಗ್ ಇತ್ತು. ಬರೆದ ಹುಡುಗ ಕಂಪನಿ ಬಸ್ ಹಿಡಿಯಲು ಗೇಟಿನತ್ತ ಹೋಗಿಯಾಗಿತ್ತು. ಪ್ರೆಷರ್ ಬಿಟ್ಟಿದ್ದಾರೆ, ಇನ್ನು ಪೈಪಿನ ಜೋಡಣೆಯಾದ ಯೂನಿಯನ್ ಬಿಚ್ಚಿ ಒಳಗಿನ ಓ-ರಿಂಗ್ ನೋಡಿದರಾಯಿತು ಎಂದುಕೊಂಡು, ಕೆಲಸಕ್ಕೆ ಅನುಮತಿ ಕೊಡುವ ಪರ್ಮಿಟ್‌ಗೆ ಸಹಿ ಹಾಕಿದೆ.

ಫಿಟ್ಟರ್ ಸ್ಪ್ಯಾನರ್ ಕೊಟ್ಟು ಕಾಲು ಸುತ್ತು ತಿರುಗಿಸಿದರು. ಒತ್ತಡವಿಲ್ಲದ ನಟ್ ಒಮ್ಮೆ ಸಡಿಲಿಸಿದರೆ ಬೆರಳಿನಲ್ಲೇ ತಿರುಗುತ್ತದೆ. ಇದು ಮಿಸುಕಲಿಲ್ಲ. ನಟ್ಟಿನ ಅಂಚಿನಲ್ಲಿ ಎಣ್ಣೆ ತೊಟ್ಟಿಕ್ಕುವ ಬದಲು ಮಾಗಿಯ ಮಂಜಿನಂತೆ ಎದ್ದಿತು, ಅದರ ಹಿಂದೆಯೇ ಸಣ್ಣಗೆ ಸುಯ್ಯೆನ್ನುವ ಸದ್ದು. ಅವರು ಸ್ಪ್ಯಾನರನ್ನು ಇದ್ದಲ್ಲೇ ಬಿಟ್ಟು, ಮುಖ ಪಕ್ಕಕ್ಕೆ ತಿರುಗಿಸಿ, ‘ಸರ್, ಲೈನ್ ಲೈವ್ ಇದೆ, ಈ ಕಡೆ ಬರಬೇಡಿ’ ಎಂದರು. ಪ್ಯಾನಲ್ ಹಿಂದಕ್ಕೆ ಓಡಿ ಗೇಜ್ ನೋಡಿದೆ. ಮುಳ್ಳು 140 ಬಾರ್ ತೋರಿಸುತ್ತಿತ್ತು. ಒತ್ತಡದ ಎಣ್ಣೆಯನ್ನು ಕೂಡಿಟ್ಟುಕೊಳ್ಳುವ ಅಕ್ಯುಮುಲೇಟರಿನ ಬ್ಲೀಡ್ ವಾಲ್ವನ್ನು ಇಷ್ಟಿಷ್ಟೇ ತೆರೆದೆ. ಮುಳ್ಳು ಸೊನ್ನೆಗೆ ಇಳಿಯುವವರೆಗೆ ಇಬ್ಬರೂ ಮಾತಾಡಲಿಲ್ಲ. ಅಷ್ಟು ಒತ್ತಡದ ಎಣ್ಣೆ ಚರ್ಮ ಹೊಕ್ಕರೆ ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು ಕಾಣುತ್ತದೆ. ಬೇಗ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳನ್ನೋ ಕೈಯನ್ನೋ ತೆಗೆಯಬೇಕಾಗಬಹುದು.

ನಡೆದದ್ದು ಇಷ್ಟು. 3:10ಕ್ಕೆ ಒತ್ತಡ ಬಿಟ್ಟು ಸೀಲ್ ಬದಲಿಸಿದರು. 4:40ಕ್ಕೆ ಟ್ರಯಲ್‌ಗೆಂದು ಪಂಪ್ ಓಡಿಸಿದರು, ಅಕ್ಯುಮುಲೇಟರ್ ಮತ್ತೆ ತುಂಬಿತು. ಲೀಕ್ ಕಂಡು ಪಂಪ್ ನಿಲ್ಲಿಸಿ ಬೀಗ ಹಾಕಿದರು. ಪಂಪ್ ನಿಂತರೂ ಅಕ್ಯುಮುಲೇಟರಿನೊಳಗಿನ ನೈಟ್ರೋಜನ್ ಎಣ್ಣೆಯನ್ನು ಒತ್ತುತ್ತಲೇ ಇರುತ್ತದೆ. ಟ್ರಯಲ್ಲಿನ ಮಾತನ್ನು ಬರೆದದ್ದು ಪ್ರೊಡಕ್ಷನ್ ಕಾಲಮ್ಮಿನಲ್ಲಿ. ನಾನು ಆ ಕಡೆ ಕಣ್ಣು ಹಾಯಿಸಿರಲಿಲ್ಲ.

ಮೊದಲು ಆ ಹುಡುಗನ ಮೇಲೆ ಕೋಪ ಬಂದಿತ್ತು. ಕೂತು ಮತ್ತೆ ಓದಿದಾಗ ಅವನ ವ್ಯಾಕರಣದಲ್ಲಿ ತಪ್ಪೇ ಸಿಗಲಿಲ್ಲ. ಮುಗಿದುಹೋದ ಗಳಿಗೆಯನ್ನು ಹೆಸರಿಸಿದರೆ ಇಂಗ್ಲಿಷಿನಲ್ಲಿ ಸಿಂಪಲ್ ಪಾಸ್ಟ್ ಬಳಸಬೇಕು. ‘ಹ್ಯಾಸ್ ಬೀನ್ ರಿಲೀಸ್ಡ್ ಅಟ್ 3:10’ ಎಂದು ಬರೆಯುವಂತಿಲ್ಲ. ಅವನು ಬರೆದದ್ದು ಸಿಂಪಲ್ ಪಾಸ್ಟ್. ನನ್ನ ತಲೆ ಓದಿಕೊಂಡದ್ದು ಪ್ರೆಸೆಂಟ್ ಪರ್ಫೆಕ್ಟ್. ಮೊದಲನೆಯದು ಘಟನೆಯನ್ನು ಹೇಳಿ ಅಲ್ಲಿಗೇ ಬಿಡುತ್ತದೆ. ಎರಡನೆಯದು ಅದರ ಫಲ ಈ ಹೊತ್ತಿಗೂ ಉಳಿದಿದೆ ಎಂದು ಸೂಚಿಸುತ್ತದೆ.

ಈ ಭೇದ ನಮಗೆ ಹೊಸದಲ್ಲ. ‘ಬಿಟ್ಟೆವು’ ಎಂದರೆ ಬಿಟ್ಟೆವು, ಅಷ್ಟೆ. ‘ಬಿಟ್ಟಿದ್ದೇವೆ’ ಎಂದರೆ ಈಗಲೂ ಬಿಟ್ಟೇ ಇದೆ. ‘ಬಿಟ್ಟಿದ್ದೆವು’ ಎಂದ ಕೂಡಲೇ ಕೇಳುವವನು ‘ಆಮೇಲೆ?’ ಎನ್ನುತ್ತಾನೆ. ಕ್ಯಾಂಟೀನಿನಲ್ಲಿ ಈ ಮೂರನ್ನೂ ಹೇಳಿ ಕೇಳಿದರೆ ಯಾವ ಹುಡುಗನೂ ತಡವರಿಸಲಿಲ್ಲ. ಎಡವುವುದು ಎರಡು ಭಾಷೆಗಳ ದಾರಿ ಕವಲೊಡೆಯುವಲ್ಲಿ. ಕನ್ನಡದಲ್ಲಿ ‘3:10ಕ್ಕೆ ಬಿಟ್ಟಿದ್ದೇವೆ’ ಎಂದರೆ ನಡೆಯುತ್ತದೆ, ಇಂಗ್ಲಿಷಿನಲ್ಲಿ ನಡೆಯದು. ‘ಪಂಪ್ 5 ಗಂಟೆಯಿಂದ ಆಫ್ ಇದೆ’ ಎಂಬುದನ್ನು ‘ಈಸ್ ಆಫ್ ಸಿನ್ಸ್ 5’ ಎಂದು ಬರೆಯುತ್ತಾರೆ. ಇಂಗ್ಲಿಷ್ ಅಲ್ಲಿ ‘ಹ್ಯಾಸ್ ಬೀನ್’ ಕೇಳುತ್ತದೆ.

ಘಟನೆಯ ನಂತರ ಮ್ಯಾನೇಜ್‌ಮೆಂಟ್ ಬೆಂಗಳೂರಿನಿಂದ ತರಬೇತುದಾರರನ್ನು ಕರೆಸಿತು. ಇಂಗ್ಲಿಷ್ ಕಾಲರೂಪಗಳ ಹನ್ನೆರಡು ಚೌಕದ ಚಾರ್ಟ್ ತೂಗುಹಾಕಿ, ರಾಮ ಮಾವಿನಹಣ್ಣು ತಿನ್ನುವುದನ್ನು ಹನ್ನೆರಡು ಬಗೆಯಲ್ಲಿ ಬರೆಸಿದರು. ನಮ್ಮ ಲಾಗ್‌ಬುಕ್ಕಿನ ಒಂದು ಸಾಲೂ ಬೋರ್ಡಿಗೆ ಏರಲಿಲ್ಲ. ರಾತ್ರಿ ಪಾಳಿ ಮುಗಿಸಿದವರನ್ನು ನಿದ್ದೆಗೆಡಿಸಿ ಕೂರಿಸಿದ್ದಕ್ಕೆ ನನಗೆ ಇನ್ನೂ ಸಿಟ್ಟಿದೆ.

ಪಾಳಿ ಬದಲಾವಣೆಯ ಮಾತು ಎಷ್ಟು ದೊಡ್ಡದು ಎಂದು ಯಾರಾದರೂ ಕೇಳಿದರೆ ಪೈಪರ್ ಆಲ್ಫಾದ ಕಥೆ ಹೇಳುತ್ತೇನೆ. 1988ರ ಜುಲೈ 6ರಂದು ಉತ್ತರ ಸಮುದ್ರದ ಆ ತೈಲ ವೇದಿಕೆಯಲ್ಲಿ ಹಗಲಿನವರು ಒಂದು ಪಂಪಿನ ಸೇಫ್ಟಿ ವಾಲ್ವನ್ನು ದುರಸ್ತಿಗೆ ಬಿಚ್ಚಿದ್ದರು. ಅದು ಇನ್ನೂ ಮರಳಿ ಕೂತಿಲ್ಲ ಎಂಬ ಸುದ್ದಿ ರಾತ್ರಿ ಪಾಳಿಗೆ ಮುಟ್ಟಲಿಲ್ಲ. ಅವರು ಅದೇ ಪಂಪನ್ನು ಚಾಲೂ ಮಾಡಿದರು. ಆ ದುರಂತದಲ್ಲಿ 167 ಮಂದಿ ಸತ್ತರು. ಅಲ್ಲಿ ತಪ್ಪಿದ್ದು ಕ್ರಿಯಾಪದವಲ್ಲ, ಪರ್ಮಿಟ್ ವ್ಯವಸ್ಥೆ. ಆದರೆ ರಾತ್ರಿಯವರಿಗೆ ಬೇಕಿದ್ದದ್ದು ‘ಈಗ ಹೇಗಿದೆ’ ಎಂಬ ಒಂದೇ ಉತ್ತರ.

ನಮ್ಮ ಪಾಳಿಯಲ್ಲಿ ಈಗ ಘಟನೆಗಳನ್ನೆಲ್ಲ ಹೊತ್ತು ಹಾಕಿ ಭೂತಕಾಲದಲ್ಲಿ ಬರೆಯುತ್ತೇವೆ. ಕೊನೆಗೆ ಕೆಂಪು ಗೆರೆ ಎಳೆದು, ವರ್ತಮಾನದಲ್ಲಿ ಒಂದು ಸಾಲು: ‘ನೌ – ಪ್ರೆಷರ್ ಈಸ್ ಝೀರೋ, ಪಂಪ್ ಈಸ್ ಲಾಕ್ಡ್.’ ಕಣ್ಣಾರೆ ಗೇಜ್ ಓದಿದವನೇ ಆ ಸಾಲು ಬರೆಯಬೇಕು. ಚಾರ್ಜ್ ಕೊಡುವ ಮಾತು ಯಂತ್ರದ ಮುಂದೆಯೇ ಆಗಬೇಕು, ಕನ್ನಡದಲ್ಲೇ ಆಗಬೇಕು.

ಇಷ್ಟರಲ್ಲಿ ಪುಸ್ತಕ ಹೋಗಿ ಟ್ಯಾಬ್ ಬಂದಿದೆ. ಅದರಲ್ಲಿ ‘ಕಂಪ್ಲೀಟೆಡ್’, ‘ಪೆಂಡಿಂಗ್’ ಎಂಬ ಎರಡೇ ಆಯ್ಕೆ. ಒತ್ತಡ ಬಿಟ್ಟ ಕೆಲಸ ಕಂಪ್ಲೀಟೆಡ್ ಆಗಿರುತ್ತದೆ, ಲೈನಿನಲ್ಲಿ 140 ಬಾರ್ ನಿಂತಿರುತ್ತದೆ. ಗೇಜ್ ರೀಡಿಂಗಿಗೆ ಕಡ್ಡಾಯದ ಕಾಲಮ್ ಕೊಡಿ ಎಂದು ಬರೆದುಕೊಟ್ಟೆ. ಫಾರ್ಮ್ ಬದಲಿಸುವುದು ಹೆಡ್ ಆಫೀಸಿನವರ ಕೈಯಲ್ಲಿದೆ ಎಂಬ ಉತ್ತರ ಬಂತು. ಆ ಕಾಲಮ್ ಬರುವವರೆಗೆ ಫಿಟ್ಟರ್ ಜೊತೆ ನಿಂತು ಗೇಜ್ ಓದದೆ ಪರ್ಮಿಟ್‌ಗೆ ಸಹಿ ಹಾಕುವುದಿಲ್ಲ ಎಂದು ಪ್ರೊಡಕ್ಷನ್‌ನವರಿಗೆ ಹೇಳಿದ್ದೇನೆ. ಅದರಿಂದ ಆಗುವ ಡೌನ್‌ಟೈಮನ್ನು ನನ್ನ ಹೆಸರಿಗೇ ಬರೆದುಕೊಳ್ಳಲಿ.