ಕೇಪಿನ ಲೆಕ್ಕ: ಒಂದು ರೀಲೋಡಿಂಗ್ ಬೆಂಚು, 2020ರಿಂದ 2024

ಜಾಗ ಅಮೆರಿಕ. ಕೆಲಸ, ಶೂಟಿಂಗ್ ಮ್ಯಾಚಿಗೂ ಅಭ್ಯಾಸಕ್ಕೂ ಬೇಕಾದ ತೋಟಾಗಳನ್ನು ಖಾಲಿ ಹಿತ್ತಾಳೆ ಕೇಸಿಗೆ ಮತ್ತೆ ತುಂಬಿಕೊಳ್ಳುವುದು. (ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಊರಲ್ಲಿ ಓದುವವರು ಇದನ್ನು ಬರೀ ಲೆಕ್ಕದ ಪುಸ್ತಕ ಅಂದುಕೊಳ್ಳಿ.) ಒಂದು ತೋಟಾಕ್ಕೆ ಬೇಕಾದ್ದು ನಾಲ್ಕೇ ಸಾಮಾನು: ಕೇಸು, ಮದ್ದು, ಗುಂಡು, ಪ್ರೈಮರ್ (ಏಟು ಬಿದ್ದಾಗ ಹತ್ತಿ ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು). ಮಲೆನಾಡಿನ ಕೋವಿಯವರ ಬಾಯಲ್ಲಿ ಕೊನೆಯದು ಕೇಪು. ಇಲ್ಲೂ ಹಾಗೇ ಕರೆದಿದೆ. ಕೇಸು ಹಲವು ಸಲ ಬಳಕೆಗೆ ಬರುತ್ತದೆ. ಗುಂಡನ್ನು ಸೀಸ ಕರಗಿಸಿ ಮನೆಯಲ್ಲೇ ಎರಕ ಹೊಯ್ಯುವವರಿದ್ದಾರೆ. ಕೇಪು ಒಂದೇ ಏಟಿಗೆ ಮುಗಿಯಿತು, ಮತ್ತೊಂದಕ್ಕೆ ಕಾರ್ಖಾನೆಯೇ ಗತಿ.

2020 ಮಾರ್ಚ್ 1

ಆರಂಭದ ದಾಸ್ತಾನು: ಸ್ಮಾಲ್ ಪಿಸ್ಟಲ್ ಕೇಪು 4,800, ಸ್ಮಾಲ್ ರೈಫಲ್ 2,100, ಲಾರ್ಜ್ ಪಿಸ್ಟಲ್ 1,400. ಪಿಸ್ತೂಲಿನ ಮದ್ದು 8 ಪೌಂಡ್, ರೈಫಲ್ಲಿನದು 6.

ತಿಂಗಳ ಖರ್ಚು: 9 ಎಂಎಂ (ಪಿಸ್ತೂಲು, ಸ್ಮಾಲ್ ಪಿಸ್ಟಲ್ ಕೇಪು) 600, .223 (ರೈಫಲ್, ಸ್ಮಾಲ್ ರೈಫಲ್ ಕೇಪು) 150, .45 (ಪಿಸ್ತೂಲು, ಲಾರ್ಜ್ ಪಿಸ್ಟಲ್ ಕೇಪು) 100. ಒಂದು ಪೌಂಡ್ ಅಂದರೆ 7,000 ಗ್ರೇನ್. ಪಿಸ್ತೂಲಿಗೆ ಸರಾಸರಿ 5 ಗ್ರೇನ್ ಹಿಡಿದರೆ ಪೌಂಡಿಗೆ 1,400 ತೋಟಾ; .223ಕ್ಕೆ 25 ಗ್ರೇನ್ ಹಿಡಿದರೆ 280. ಇದು ದಾಸ್ತಾನಿನ ಲೆಕ್ಕ ಅಷ್ಟೇ, ತುಂಬುವ ಅಳತೆಗೆ ಮದ್ದಿನ ಕಂಪನಿಯ ಮ್ಯಾನ್ಯುಯಲ್ಲೇ ಪ್ರಮಾಣ. ಈ ಲೆಕ್ಕದಲ್ಲಿ ಪಿಸ್ತೂಲಿನ ಮದ್ದು 16 ತಿಂಗಳಿಗೆ, ರೈಫಲ್ಲಿನದು 11 ತಿಂಗಳಿಗೆ ಬರುತ್ತದೆ. ಸ್ಮಾಲ್ ಪಿಸ್ಟಲ್ ಕೇಪು ಮಾತ್ರ 8 ತಿಂಗಳಿಗೇ ಕೊನೆ. ಮದ್ದಿನ ಡಬ್ಬ ದೊಡ್ಡದಾಗಿ ಕಾಣುತ್ತದೆ, ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಮೊದಲು ಮುಗಿಯುವುದು ಕೇಪು.

2020 ಜುಲೈ 1

ಅಂಗಡಿಗಳಲ್ಲಿ ಕೇಪಿನ ಕಪಾಟು ಖಾಲಿ. ಉಳಿದ ಸ್ಮಾಲ್ ಪಿಸ್ಟಲ್ 2,400. 9 ಎಂಎಂ ತಿಂಗಳಿಗೆ 300ಕ್ಕೆ ಇಳಿಸಿದ್ದು, .223 ಪೂರ್ತಿ ಬಂದ್. ಸ್ಮಾಲ್ ರೈಫಲ್ 1,500 ಹಾಗೇ ಇದೆ. ಕಡಿಮೆಯಾದ ಅಭ್ಯಾಸದ ಹೊತ್ತು ಖಾಲಿ ಪಿಸ್ತೂಲಿನ ಟ್ರಿಗರ್ ಎಳೆಯುವ ಡ್ರೈ ಫೈರ್‌ಗೆ. ಟ್ರಿಗರ್ ಕಲಿಯಲು ಅದಕ್ಕಿಂತ ಅಗ್ಗದ ಮೇಷ್ಟ್ರಿಲ್ಲ.

ಇದೇ ತಿಂಗಳು ಬಂದೂಕು, ತೋಟಾ ಕಂಪನಿ ರೆಮಿಂಗ್ಟನ್ ದಿವಾಳಿ ಅರ್ಜಿ ಹಾಕಿತು. ಅದರ ತೋಟಾ ವ್ಯವಹಾರ ವಿಸ್ಟಾ ಔಟ್‌ಡೋರ್ ಪಾಲಾಯಿತು. ಸಿಸಿಐ, ಫೆಡರಲ್ ಬ್ರ್ಯಾಂಡುಗಳು ಮೊದಲೇ ವಿಸ್ಟಾ ಕೈಯಲ್ಲಿದ್ದವು. ಅಮೆರಿಕದ ನಾಲ್ಕು ದೊಡ್ಡ ಕೇಪು ಬ್ರ್ಯಾಂಡುಗಳಲ್ಲಿ ಮೂರು ಒಂದೇ ಸೂರಿನಡಿ, ಹೊರಗುಳಿದದ್ದು ವಿಂಚೆಸ್ಟರ್ ಒಂದೇ. ಇದರಲ್ಲಿ ಪಿತೂರಿ ಹುಡುಕುವವರು ಬೇಕಾದಷ್ಟಿದ್ದಾರೆ. ಅಷ್ಟು ದೂರ ಹೋಗಬೇಕಿಲ್ಲ: ಕೇಪು ಮಾಡುವವರೇ ತಯಾರಿ ತೋಟಾವನ್ನೂ ಮಾಡುತ್ತಾರೆ, ಬೇಡಿಕೆ ಏರಿದಾಗ ಕೇಪು ಮೊದಲು ಅವರ ತೋಟಾಕ್ಕೇ ಹೋಗುತ್ತದೆ. 2020ರಲ್ಲಿ ಎಫ್‌ಬಿಐನ ಬಂದೂಕು ಸಂಬಂಧದ ಹಿನ್ನೆಲೆ ತಪಾಸಣೆಗಳು 3.97 ಕೋಟಿ ಮುಟ್ಟಿದವು, ಅದುವರೆಗಿನ ದಾಖಲೆ. ಹೊಸಬರೆಲ್ಲ ಎರಡೆರಡು ಪೆಟ್ಟಿಗೆ ತೋಟಾ ಕೇಳಿದರೂ ರೀಲೋಡ್ ಮಾಡುವವರ ಪಾಲಿಗೆ ಉಳಿಯುವುದು ಚೂರುಪಾರು.

2013ರಲ್ಲಿ ಅಮೆರಿಕ ಕಂಡ ತೋಟಾ ಬರ ಬೇರೆ ಥರದ್ದು. ಆಗ ಹೆಚ್ಚು ಕಾಡಿದ್ದು .22 ರಿಮ್‌ಫೈರ್. ಅದರ ಕೇಪಿನ ರಾಸಾಯನಿಕ ಕೇಸಿನ ಅಂಚಿನೊಳಗೇ ಇರುವುದರಿಂದ ಬೆಂಚಿನ ಮೇಲೆ ಅದಕ್ಕೆ ಮಾಡುವಂಥದ್ದೇನೂ ಇರಲಿಲ್ಲ.

2020 ಡಿಸೆಂಬರ್ 1

ಸ್ಮಾಲ್ ಪಿಸ್ಟಲ್ 900. ಮೊದಲು ಸಾವಿರಕ್ಕೆ 30 ಡಾಲರ್ ಆಸುಪಾಸು ಇದ್ದದ್ದಕ್ಕೆ ಖಾಸಗಿ ಮಾರಾಟದಲ್ಲಿ 100ಕ್ಕೂ ಮೇಲೆ ಕೇಳುತ್ತಿದ್ದಾರೆ.

9 ಎಂಎಂಗೆ ಸ್ಮಾಲ್ ರೈಫಲ್ ಕೇಪು ಹಾಕಿ 50 ತೋಟಾ ಪರೀಕ್ಷೆ. ಎರಡರ ಅಗಲವೂ 0.175 ಇಂಚು, ಎತ್ತರವೂ ಒಂದೇ. ರೈಫಲ್ ಕೇಪಿನ ಬಟ್ಟಲಿನ ಲೋಹ ಮಾತ್ರ ದಪ್ಪ. ಹ್ಯಾಮರ್ ಇರುವ ಪಿಸ್ತೂಲಿನಲ್ಲಿ 25ಕ್ಕೆ 25 ಹತ್ತಿದವು. ಹಗುರ ಸ್ಪ್ರಿಂಗ್ ಹಾಕಿದ ಸ್ಟ್ರೈಕರ್ (ಹ್ಯಾಮರ್ ಇಲ್ಲದೆ ಸ್ಪ್ರಿಂಗಿನ ಬಲದಲ್ಲೇ ಪಿನ್ನು ಬಡಿಯುವ) ಪಿಸ್ತೂಲಿನಲ್ಲಿ 25ರಲ್ಲಿ 4ಕ್ಕೆ ಎರಡನೇ ಏಟು ಬೇಕಾಯಿತು. ಕಾರ್ಖಾನೆಯ ಸ್ಪ್ರಿಂಗ್ ವಾಪಸ್ ಹಾಕಿದ ಮೇಲೆ ತೊಂದರೆ ಇಲ್ಲ. ಕೇಪು ಬದಲಾದರೆ ಒತ್ತಡವೂ ಬದಲಾಗಬಹುದು, ಹಾಗಾಗಿ ಮದ್ದನ್ನು ಮತ್ತೆ ಮ್ಯಾನ್ಯುಯಲ್ಲಿನ ಕನಿಷ್ಠದಿಂದ ಶುರು ಮಾಡಿ, ಕ್ರೋನೋಗ್ರಾಫಿನಲ್ಲಿ ಗುಂಡಿನ ವೇಗ ನೋಡಿಕೊಂಡೇ ಮೇಲೆ ಹೋದದ್ದು.

ತಿರುಗಾಮುರುಗಾ ಮಾಡಬೇಡಿ. .223ರ ಒತ್ತಡಕ್ಕೆ ಪಿಸ್ಟಲ್ ಕೇಪಿನ ತೆಳು ಬಟ್ಟಲು ತೂತಾಗಿ ಬಿಸಿ ಗಾಳಿ ಬೋಲ್ಟಿನೊಳಗೆ ನುಗ್ಗುತ್ತದೆ. ಲಾರ್ಜ್ ಸೈಜಿನಲ್ಲಂತೂ ಅದಲುಬದಲಿನ ಮಾತೇ ಇಲ್ಲ: ಲಾರ್ಜ್ ರೈಫಲ್ ಕೇಪು ಎತ್ತರ ಹೆಚ್ಚು, .45 ಕೇಸಿನಲ್ಲಿ ಹೊರಗೆ ಎದ್ದು ನಿಲ್ಲುತ್ತದೆ.

ಈಗ 9 ಎಂಎಂಗೆ ಎರಡೂ ಸೇರಿ 2,350. ತಿಂಗಳಿಗೆ 300ರಂತೆ ಹೆಚ್ಚುಕಡಿಮೆ ಜುಲೈವರೆಗೆ.

2021 ಫೆಬ್ರವರಿ

ಈ ತಿಂಗಳ 300ರಲ್ಲಿ ಹಾಳಾದ ಕೇಪು 11. ಬರಗಾಲದಲ್ಲಿ ಇದು ಸಣ್ಣ ಸಂಖ್ಯೆಯಲ್ಲ. 7 ಮಿಲಿಟರಿ ಕೇಸಿನವು: ಕೇಪು ಕದಲದಿರಲೆಂದು ಅದರ ಗೂಡಿನ ಬಾಯಿಯನ್ನು ಕಾರ್ಖಾನೆಯಲ್ಲಿ ಅಮುಕಿರುತ್ತಾರೆ. ಹೊಸ ಕೇಪು ಆ ಉಂಗುರಕ್ಕೆ ತಾಗಿ, ಅಂಚು ಸಿಪ್ಪೆಯ ಹಾಗೆ ಕೆತ್ತಿಕೊಂಡು ಓರೆಯಾಗಿ ಕೂರುತ್ತದೆ. ಉಗುರನ್ನು ಅಡ್ಡ ಎಳೆದರೆ ಆ ಉಂಗುರ ಸಿಕ್ಕುತ್ತದೆ. ಅಂಥವನ್ನು ಬೇರೆ ಮಾಡಿ ಸ್ವೇಜ್ ಮಾಡಿದ (ಉಂಗುರವನ್ನು ಒತ್ತಿ ಸರಿಸಿದ) ಮೇಲೆಯೇ ಕೇಪು ಹಾಕುವುದು. 3 ಅಡ್ಡ ಬಿದ್ದು ಜಜ್ಜಿದವು, 1 ತಲೆಕೆಳಗು.

ಇನ್ನೊಂದು ಗಮನ: ಹತ್ತದ ಕೇಪೆಲ್ಲ ಕೆಟ್ಟ ಕೇಪಲ್ಲ. ಪೂರ್ತಿ ಕೂರದ ಕೇಪನ್ನು ಮೊದಲ ಏಟು ಒಳಕ್ಕೆ ತಳ್ಳುವುದರಲ್ಲೇ ಮುಗಿದುಹೋಗುತ್ತದೆ. ಕೇಪು ಕೇಸಿನ ತಳಕ್ಕಿಂತ ಇಂಚಿನ ಸಾವಿರ ಪಾಲಿನಲ್ಲಿ 3ರಿಂದ 5 ಪಾಲು ಒಳಗಿರಬೇಕು. ಬೆರಳು ಸವರಿದಾಗ ಗುಳಿ ತಿಳಿಯಬೇಕು, ಉಬ್ಬು ತಿಳಿದರೆ ತೋಟಾ ಪಕ್ಕಕ್ಕೆ.

2021 ಮೇ

ಬಂದದ್ದು ಸ್ಮಾಲ್ ಪಿಸ್ಟಲ್ 1,000. ಆನ್‌ಲೈನ್ ಆರ್ಡರಿಗೆ ಸಾಗಣೆಯ ಹಜ್‌ಮ್ಯಾಟ್ (ಅಪಾಯಕಾರಿ ಸರಕಿನ) ಶುಲ್ಕ ಬೇರೆ. ಅದು ಪಾರ್ಸೆಲ್ಲಿಗೆ, ಸಾಮಾನಿಗಲ್ಲ. ಒಂದು ಬ್ರಿಕ್ (ಸಾವಿರ ಕೇಪಿನ ಪೆಟ್ಟಿಗೆ) ತರಿಸಿದರೂ ಅಷ್ಟೇ, ಮಿತಿಯೊಳಗೆ ಕೇಪು ಮದ್ದು ಎರಡೂ ಒಟ್ಟಿಗೆ ತರಿಸಿದರೂ ಅಷ್ಟೇ. ನಾಲ್ಕು ಜನ ಸೇರಿ ಹಂಚಿಕೊಂಡರೆ ಗಿಟ್ಟುತ್ತದೆ.

ಕೂಡಿಡುವವರಿಗೆ ಮಿತಿ ಇದೆ. ಎನ್‌ಎಫ್‌ಪಿಎ 495 (ಅಮೆರಿಕದ ಅಗ್ನಿ ಸುರಕ್ಷತಾ ಸಂಹಿತೆ) ಪ್ರಕಾರ ಮನೆಯಲ್ಲಿ ಕೇಪು 10,000 ದಾಟಬಾರದು. ಮದ್ದು ಮೂಲ ಡಬ್ಬದಲ್ಲೇ 20 ಪೌಂಡ್‌ವರೆಗೆ, ಅದಕ್ಕೂ ಮೇಲೆ 50ರವರೆಗೆ ಒಂದಿಂಚು ದಪ್ಪದ ಮರದ ಪೆಟ್ಟಿಗೆ ಬೇಕು. ಕೇಪನ್ನು ಉಪ್ಪಿನಕಾಯಿ ಜಾಡಿಗೆ ಸುರಿದಿಡುವವರೂ ಇದ್ದಾರೆ. ಒಂದು ಹತ್ತಿದರೆ ಅಷ್ಟೂ ಒಟ್ಟಿಗೆ ಸಿಡಿಯುತ್ತವೆ, ಜಾಡಿ ಚೂರು ಚೂರು. ಕಾರ್ಖಾನೆಯ ಟ್ರೇಯಲ್ಲಿ ಬಿಡಿಬಿಡಿಯಾಗಿ ಇಟ್ಟಿರುವುದು ಅದಕ್ಕೇ.

ಗಾಬರಿಯಲ್ಲಿ ಕೊಂಡ ಹಳೆ ಮದ್ದು, ಲೇಬಲ್ ಹರಿದ ಡಬ್ಬ ಈಗ ಕೈ ಬದಲಾಯಿಸುತ್ತಿವೆ. ಮುಚ್ಚಳ ತೆಗೆದಾಗ ಹುಳಿ ಘಾಟು, ಕಂದುಗೆಂಪು ಧೂಳು ಕಂಡರೆ ಮದ್ದು ಕೊಳೆತಿದೆ ಅಂತಲೇ ಅರ್ಥ. ಲೇಬಲ್ ಇಲ್ಲದ್ದನ್ನು ಬಿಟ್ಟಿ ಕೊಟ್ಟರೂ ಬೇಡ.

2022 ಕೊನೆ

ಕಪಾಟಿನಲ್ಲಿ ಕೇಪು ಮತ್ತೆ ಕಾಣುತ್ತಿದೆ, ಹಳೆ ಬೆಲೆ ಕಾಣುತ್ತಿಲ್ಲ. .223 ಮತ್ತೆ ಶುರು. .45ರ ಕೇಸುಗಳನ್ನು ಎರಡು ಡಬ್ಬಕ್ಕೆ ವಿಂಗಡಿಸಿದ್ದು, ಏಕೆಂದರೆ ಅದರಲ್ಲಿ ಸ್ಮಾಲ್ ಗೂಡಿನವೂ ಇವೆ, ಲಾರ್ಜ್ ಗೂಡಿನವೂ ಇವೆ. ಪ್ರೋಗ್ರೆಸಿವ್ ಪ್ರೆಸ್ಸಿನಲ್ಲಿ (ಒಂದೇ ಎಳೆತಕ್ಕೆ ಎಲ್ಲ ಹಂತವೂ ಒಟ್ಟಿಗೆ ನಡೆಯುವ ಯಂತ್ರ) ಸ್ಮಾಲ್ ಗೂಡಿಗೆ ಲಾರ್ಜ್ ಕೇಪು ಒತ್ತಿದರೆ ಕೆಲಸ ನಿಲ್ಲುವುದಷ್ಟೇ ಅಲ್ಲ, ಕೇಪು ಅಲ್ಲೇ ಸಿಡಿಯಲೂಬಹುದು.

2024 ಡಿಸೆಂಬರ್

ಈ ಸಲ ಸರದಿ ಮದ್ದಿನದು. ಉಕ್ರೇನ್ ಯುದ್ಧದ ಫಿರಂಗಿ ಮದ್ದಿಗೂ ಬೆಂಚಿನ ಮದ್ದಿಗೂ ಮೂಲ ಒಂದೇ, ನೈಟ್ರೋಸೆಲ್ಯುಲೋಸ್. ಈ ವರ್ಷದ ಮೊದಲಲ್ಲೇ ವಿಸ್ಟಾ ಮದ್ದಿನ ಜಾಗತಿಕ ಕೊರತೆಯ ಕಾರಣ ಕೊಟ್ಟು ಬೆಲೆ ಏರಿಕೆ ಸಾರಿತ್ತು. ಈ ತಿಂಗಳು ಚೀನಾ ಅಮೆರಿಕಕ್ಕೆ ಆಂಟಿಮನಿ ಲೋಹದ ರಫ್ತು ನಿಲ್ಲಿಸಿತು. ಆಂಟಿಮನಿ ಸಲ್ಫೈಡ್ ಕೇಪಿನ ಮಿಶ್ರಣದಲ್ಲಿದೆ, ಸೀಸದ ಗುಂಡನ್ನು ಗಟ್ಟಿ ಮಾಡುವುದೂ ಆಂಟಿಮನಿಯೇ.

ದಾಸ್ತಾನು: ಸ್ಮಾಲ್ ಪಿಸ್ಟಲ್ 5,000, ಸ್ಮಾಲ್ ರೈಫಲ್ 2,000, ಲಾರ್ಜ್ ಪಿಸ್ಟಲ್ 1,000. ರೈಫಲ್ ಮದ್ದು 3 ಪೌಂಡ್, 840 ತೋಟಾಕ್ಕೆ. ತಿಂಗಳಿಗೆ 150ರಂತೆ ಐದೂವರೆ ತಿಂಗಳು. ಮುಂದಿನ ಖರೀದಿ ಅದೇ, ಒಂದು 8 ಪೌಂಡ್ ಡಬ್ಬ. ಕೇಪು ಈಗ ಬೇಡ.