ಬ್ರಿಸ್ಟಲ್‌ನಲ್ಲಿ ಮೋರಿಗೆ ಕೌನ್ಸಿಲರ್, ವೀಸಾಗೆ ಎಂಪಿ

ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಬಂದ್ಮೇಲೆ ನನಗೆ ತುಂಬಾ ಹಿಡಿಸಿದ್ದು ಅಂದ್ರೆ ಯಾವ ಕೆಲಸಕ್ಕೆ ಯಾರನ್ನ ಕೇಳ್ಬೇಕು ಅನ್ನೋದು ಜನಕ್ಕೆ ಗೊತ್ತಿರೋದು. ಕಸ, ರಸ್ತೆ ಗುಂಡಿ, ಪಾರ್ಕು, ಲೈಬ್ರರಿ, ಮಗು ಸ್ಕೂಲ್ ಸೀಟು, ಎಲ್ಲಾ ಸಿಟಿ ಕೌನ್ಸಿಲ್‌ದು, ಅಂದ್ರೆ ನಮ್ಮ ಪಾಲಿಕೆ ಥರದ್ದು, ಅದರ ಕಾರ್ಪೊರೇಟರ್‌ನ ಇಲ್ಲಿ ಕೌನ್ಸಿಲರ್ ಅಂತಾರೆ. ವೀಸಾ, ಇನ್‌ಕಮ್ ಟ್ಯಾಕ್ಸ್, ಪೆನ್ಷನ್ ತಕರಾರಿಗೆ ಎಂಪಿ. ನಮ್ಮಲ್ಲಿ ಮೋರಿ ಕಟ್ಕೊಂಡ್ರೂ ಎಂಎಲ್ಎ ಮನೆ ಮುಂದೆ ನಿಲ್ತೀವಲ್ಲ, ಇಲ್ಲಿ ಅದನ್ನ ಎಂಪಿಗೆ ಬರೆದ್ರೆ ಕೌನ್ಸಿಲರ್‌ನ ಕೇಳಿ ಅಂತ ಉತ್ತರ ಬರುತ್ತೆ.

ನಮ್ಮ ವಾರ್ಡಿನ ಕೌನ್ಸಿಲರ್ ಲೈಬ್ರರೀಲಿ ಒಂದು ಟೇಬಲ್ ಮುಂದೆ ಕೂತಿರ್ತಾರೆ, ಹಿಂಬಾಲಕರಿಲ್ಲ, ಫ್ಲೆಕ್ಸ್ ಇಲ್ಲ, ಯಾರು ಬೇಕಾದ್ರೂ ಹೋಗಿ ಮಾತಾಡ್ಬಹುದು, ಪಕ್ಕದ ಮನೆ ಅಜ್ಜಿ ಬೀದಿ ದೀಪದ ಕಥೆ ಪೂರ್ತಿ ಹೇಳಿ ಮುಗಿಸೋವರೆಗೂ ಕೇಳಿಸ್ಕೊಂಡು ಬರ್ಕೊಳ್ತಾರೆ. ಅವರಿಗೆ ಸಿಗೋದು ಸಂಬಳ ಅಲ್ಲ, ಭತ್ಯೆ ಅಷ್ಟೇ, ಎಷ್ಟೋ ಜನ ಬೇರೆ ಕೆಲಸ ಮಾಡ್ಕೊಂಡೇ ಇದನ್ನ ಮಾಡ್ತಾರೆ.

ಇನ್ನು ಮೇಯರ್ ವಿಷಯ, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಜನರೇ ನೇರವಾಗಿ ಆರಿಸೋ ಮೇಯರ್ ಬೇಕಾ ಅಂತ 2012ರ ಮೇ ತಿಂಗಳಲ್ಲಿ ಇಂಗ್ಲೆಂಡಿನ 10 ನಗರಗಳಲ್ಲಿ ವೋಟಿಗೆ ಹಾಕಿದ್ರು, ಹೂಂ ಅಂದಿದ್ದು ಬ್ರಿಸ್ಟಲ್ ಒಂದೇ. ಮೊದಲು ಪಕ್ಷೇತರ ಜಾರ್ಜ್ ಫರ್ಗೂಸನ್ ಬಂದ್ರು, 2016ರಲ್ಲಿ ಲೇಬರ್ ಪಕ್ಷದ ಮಾರ್ವಿನ್ ರೀಸ್. ಎಲ್ಲಾ ಅಧಿಕಾರ ಒಬ್ಬರ ಕೈಲಿ, ಕೌನ್ಸಿಲರ್‌ಗಳ ಮಾತಿಗೆ ಬೆಲೆ ಇಲ್ಲ ಅನ್ನೋ ದೂರು ಬೆಳೀತಾ ಹೋಗಿ 2022ರಲ್ಲಿ ಮತ್ತೆ ಜನರನ್ನೇ ಕೇಳಿದ್ರು, ನೂರಕ್ಕೆ 59 ವೋಟು ಮೇಯರ್ ಬೇಡ ಅಂತ ಬಿತ್ತು. 2024ರ ಮೇ ತಿಂಗಳಿಂದ ಕಮಿಟಿ ಪದ್ಧತಿ, ಸಾರಿಗೆಗೊಂದು, ವಸತಿಗೊಂದು, ಮಕ್ಕಳ ವಿಷಯಕ್ಕೊಂದು ಹೀಗೆ, ಎಲ್ಲಾ ಪಕ್ಷದ ಕೌನ್ಸಿಲರ್‌ಗಳೂ ಕೂತು ತೀರ್ಮಾನ ಮಾಡ್ತಾರೆ. ಆ ಎಲೆಕ್ಷನ್ನಲ್ಲಿ 70 ಸೀಟಲ್ಲಿ 34 ಗ್ರೀನ್ ಪಕ್ಷಕ್ಕೆ ಬಂತು, ಬಹುಮತಕ್ಕೆ ಎರಡು ಕಮ್ಮಿ. ಎರಡು ತಿಂಗಳಾದ್ಮೇಲೆ ಬ್ರಿಸ್ಟಲ್ ಸೆಂಟ್ರಲ್ ಎಂಪಿ ಸೀಟನ್ನೂ ಗ್ರೀನ್‌ನ ಕಾರ್ಲಾ ಡೆನಿಯರ್ ಲೇಬರ್ ಕೈಯಿಂದ ಗೆದ್ಕೊಂಡ್ರು. ಕಮಿಟಿ ಅಂದ್ರೆ ಬರೀ ಮಾತು, ಕೆಲಸ ನಿಧಾನ ಅನ್ನೋರೂ ಇದ್ದಾರೆ, ನನಗೆ ಮಾತ್ರ ಇದೇ ಸರಿ ಅನ್ಸುತ್ತೆ, ನನ್ನ ವೋಟಿಂದ ಗೆದ್ದವರು ತೀರ್ಮಾನ ಆಗೋ ಜಾಗದಲ್ಲಿ ಇರ್ಬೇಕು.

ಬೇಜಾರಾಗೋ ವಿಷಯ ಒಂದಿದೆ, ಅಷ್ಟು ದೊಡ್ಡ ಪ್ರಶ್ನೆಗೆ 2022ರಲ್ಲಿ ನೂರಕ್ಕೆ ಮೂವತ್ತು ಜನಾನೂ ವೋಟ್ ಹಾಕ್ಲಿಲ್ಲ. ಇದೇ ಊರಲ್ಲಿ 1831ರಲ್ಲಿ, ವೋಟಿನ ಹಕ್ಕು ಹೆಚ್ಚು ಜನಕ್ಕೆ ಕೊಡೋ ರಿಫಾರ್ಮ್ ಬಿಲ್ ಅನ್ನ ಪಾರ್ಲಿಮೆಂಟಿನ ಮೇಲ್ಮನೆ ಲಾರ್ಡ್ಸ್ ಸಭೆ ತಳ್ಳಿಹಾಕ್ತು ಅಂತ ದಂಗೆ ಎದ್ದು ಕ್ವೀನ್ ಸ್ಕ್ವೇರ್‌ನ ಕಟ್ಟಡಗಳು ಸುಟ್ಟುಹೋದ್ವು, ಆಮೇಲೆ ನಾಲ್ಕು ಜನರನ್ನ ಗಲ್ಲಿಗೆ ಹಾಕಿದ್ರು. ಆಗ ಇಂಗ್ಲೆಂಡಲ್ಲೇ ಇದ್ದ ರಾಜಾ ರಾಮಮೋಹನ ರಾಯರು ಆ ಬಿಲ್ ಪಾಸಾಗ್ಲಿ ಅಂತ ಕಾತರದಿಂದ ಕಾದಿದ್ರು. 1833ರಲ್ಲಿ ತೀರ್ಕೊಂಡಿದ್ದು ಬ್ರಿಸ್ಟಲ್‌ನಲ್ಲೇ, ಈಗ ಅವರ ಪ್ರತಿಮೆ ಸಿಟಿ ಹಾಲ್ ಹತ್ರ ಕಾಲೇಜ್ ಗ್ರೀನ್‌ನಲ್ಲಿದೆ.

ಇದನ್ನೆಲ್ಲಾ ನೋಡ್ದಾಗ ಬೆಂಗಳೂರು ನೆನಪಾಗಿ ಹೊಟ್ಟೆ ಉರಿಯುತ್ತೆ. 2015ರಲ್ಲಿ ಆರಿಸಿದ 198 ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ಗೆ ಮುಗೀತು, ಆಮೇಲೆ ಆಡಳಿತಾಧಿಕಾರಿ ಕೈಗೆ ಕೊಟ್ಟು ವರ್ಷಗಟ್ಟಲೆ ಎಲೆಕ್ಷನ್ನೇ ಇಲ್ಲ, 2025ರಲ್ಲಿ ಪಾಲಿಕೆ ಒಡೆದು ಐದು ಮಾಡಿದ್ರು. ಪಾಲಿಕೆ ಒಂದಿರ್ಬೇಕಾ ಐದಿರ್ಬೇಕಾ ಅಂತ ಅಲ್ಲಿರೋ ನಮ್ಮಣ್ಣನ್ನ ಯಾರೂ ಬಂದು ಕೇಳ್ಲಿಲ್ಲ.

ಇಲ್ಲಿಗೆ ಓದೋಕೆ, ಕೆಲಸಕ್ಕೆ ಬರ್ತಿರೋರಿಗೆ ಒಂದು ಮಾತು. ಕಾಮನ್‌ವೆಲ್ತ್ ದೇಶದವರು ಅಂತ ನಮಗೆ ಇಂಡಿಯನ್ ಪಾಸ್‌ಪೋರ್ಟ್ ಮೇಲೇನೇ ಕೌನ್ಸಿಲ್ಲಿಗೂ ಪಾರ್ಲಿಮೆಂಟಿಗೂ ವೋಟಿದೆ, ಫ್ರಾನ್ಸಿಂದ ಬಂದ ನನ್ನ ಕಲೀಗ್‌ಗೆ ಪಾರ್ಲಿಮೆಂಟ್ ವೋಟಿಲ್ಲ. ಮನೆ ಅಡ್ರೆಸ್ ಸಿಕ್ಕ ತಕ್ಷಣ ಆನ್‌ಲೈನಲ್ಲಿ ಹೆಸರು ಸೇರಿಸ್ಕೊಳ್ಳಿ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಇಲ್ಲಿ ಕೆಲಸ, ಟ್ಯಾಕ್ಸ್‌ಗೆ ಸರ್ಕಾರ ಕೊಡೋ ನಂಬರ್) ಇನ್ನೂ ಬಂದಿಲ್ಲ ಅಂದ್ರೂ ಬೇರೆ ದಾಖಲೆ ಕೊಡಬಹುದು. ಬೂತಲ್ಲಿ ಫೋಟೋ ಐಡಿ ಕೇಳ್ತಾರೆ, ನಮ್ಮ ಪಾಸ್‌ಪೋರ್ಟೇ ನಡಿಯುತ್ತೆ.