ಬರೀ ರಾಗಿ ಸಾಕು ಅನ್ನೋರಿಗೆ

ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಸಾವಯವ ಅಂದ್ರೆ ಎಲ್ರೂ ನಂಗಿರ್ಲಿ ನಂಗಿರ್ಲಿ ಅಂತಾರೆ, ಆಮೇಲೆ ಶುರುವಾಗುತ್ತೆ ಕಂಡೀಷನ್ನು. ಸೊಪ್ಪಲ್ಲಿ ತೂತಿರಬಾರದು, ಟೊಮೇಟೊ ಎಲ್ಲಾ ಒಂದೇ ಸೈಜ್ ಇರ್ಬೇಕು, ಬೀನ್ಸು ವರ್ಷಪೂರ್ತಿ ಬೇಕು, ರೇಟು ಮಾತ್ರ ತಳ್ಳುಗಾಡಿಯವನ ರೇಟೇ ಇರ್ಬೇಕು. ಇದ್ರ ಮಧ್ಯೆ ನಾವೊಂದಷ್ಟು ಮನೆಯವ್ರು ಮಾಗಡಿ ಕಡೆಯ ಒಬ್ಬ ಗೌಡ್ರ ಹತ್ರ ನೇರವಾಗಿ ರಾಗಿ ತರಿಸ್ತಿದ್ದೀವಿ. ಎರಡೂವರೆ ಎಕರೆ, ಪೂರ್ತಿ ಮಳೆ ನಂಬಿದ ಹೊಲ, ಬೋರ್‌ವೆಲ್ ಇಲ್ಲ.

ಹೋದ ಸುಗ್ಗೀಲಿ ರಾಗಿ ಮೂಟೆ ಇಳಿಸ್ತಾ ಗೌಡ್ರು ಕೇಳಿದ್ರು, "ಅಕ್ಕಾ, ನೀವೆಲ್ಲಾ ರಾಗಿ ತಗೊಂಡೋಯ್ತೀರ, ಸಂತೋಷ. ಅಕ್ಕಡಿ ಕಾಳು ಯಾರಿಗ್ ಕೊಡ್ಲಿ ನಾನು?"

ಅಲ್ಲಿದ್ದವ್ರಲ್ಲಿ ಅರ್ಧ ಜನಕ್ಕೆ ಅಕ್ಕಡಿ ಅಂದ್ರೇನು ಅಂತಾನೇ ಗೊತ್ತಿರ್ಲಿಲ್ಲ. ರಾಗಿ ಹೊಲದಲ್ಲೇ ಮಧ್ಯೆ ಮಧ್ಯೆ ಸಾಲು ಬಿಟ್ಟು ಹಾಕೋ ಬೇರೆ ಬೆಳೆಗೆ ಅಕ್ಕಡಿ ಅಂತಾರೆ. ನಮ್ಮ ಕಡೆ ರಾಗಿ ಹೊಲ ಅಂದ್ರೆ ಬರೀ ರಾಗಿ ಅಲ್ಲ. ಕೂರಿಗೇಲಿ ರಾಗಿ ಬಿತ್ತುವಾಗ್ಲೇ ಹಿಂದೆ ಸಡ್ಡೆ (ಬೀಜ ಬಿಡೋ ಕೊಳವೆ) ಕಟ್ಕೊಂಡು ಇಷ್ಟು ಸಾಲಿಗೊಂದು ಸಾಲು ಅವರೆ, ತೊಗರಿ, ಅಲಸಂದೆ, ಜೋಳ ಬಿಡ್ತಾರೆ, ಅಂಚಿಗೆ ಹುಚ್ಚೆಳ್ಳು, ಒಂದೆರಡು ಹರಳು ಗಿಡ. ಎಲ್ಲದಕ್ಕೂ ಲೆಕ್ಕ ಇದೆ. ಹುಚ್ಚೆಳ್ಳಿಗೆ ದನ ಬಾಯಿ ಹಾಕೋದು ಕಮ್ಮಿ, ಅದಕ್ಕೇ ಅದು ಬದುವಿನ ಪಕ್ಕ ಬೇಲಿ ಥರ ನಿಲ್ಲುತ್ತೆ. ಅದರ ಹಳದಿ ಹೂವಿಗೆ ಜೇನು ಬರುತ್ತೆ, ಜೇನು ಬರದೇ ಇದ್ರೆ ಹುಚ್ಚೆಳ್ಳು ಸರಿಯಾಗಿ ಕಾಳು ಕಟ್ಟೋದೂ ಇಲ್ಲ. ತೊಗರಿ ಬೇರು ಆಳಕ್ಕೆ ಹೋಗುತ್ತೆ, ರಾಗಿ ಬೇರು ಮೇಲೇ ಹರಡುತ್ತೆ, ಹಾಗಾಗಿ ಒಂದಕ್ಕೊಂದು ಕಿತ್ತಾಟ ಕಮ್ಮಿ. ಅವರೆ ತೊಗರಿ ಗಾಳಿಯ ಸಾರಜನಕವನ್ನ ಬೇರಿನ ಗಂಟಲ್ಲಿ ಹಿಡಿದಿಡುತ್ತೆ, ಉದುರಿದ ಎಲೆ ಅಲ್ಲೇ ಗೊಬ್ಬರ. ರಾಗಿ ಕೊಯ್ದಾದ ಮೇಲೂ ಅವರೆ ತೊಗರಿ ನೆಲದಲ್ಲುಳಿದ ತೇವ, ಇಬ್ಬನೀಲೇ ಜನವರಿ ತನಕ ನಿಂತಿರುತ್ತೆ, ಅಂದ್ರೆ ನೆಲ ಬೋಳಾಗಲ್ಲ. ಮಳೆ ಕೈಕೊಟ್ಟು ರಾಗಿ ಸೊರಗಿದ್ರೂ ಏನಾದ್ರೂ ಒಂದು ಮನೆಗೆ ಬರುತ್ತೆ. ಇದನ್ನ ಕೃಷಿ ವಿಶ್ವವಿದ್ಯಾಲಯದವ್ರೂ ಒಪ್ಕೊಂಡಿದ್ದಾರೆ, ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅನ್ನೋದು ಜಿಕೆವಿಕೆ, ಅಂದ್ರೆ ಬೆಂಗಳೂರು ಕೃಷಿ ವಿವಿಯ ಶಿಫಾರಸು. ಆಗ್ರೋಇಕಾಲಜಿ, ಅಂದ್ರೆ ಪ್ರಕೃತಿ ಜೊತೆ ಹೊಂದ್ಕೊಂಡು ಮಾಡೋ ಬೇಸಾಯ, ಅಂತ ಈಗ ಸೆಮಿನಾರಲ್ಲಿ ಸ್ಲೈಡ್ ಹಾಕಿ ತೋರಿಸ್ತಾರಲ್ಲ, ಅದು ಇದೇ.

ಹಾಗಿದ್ರೆ ಅಕ್ಕಡಿ ಯಾಕೆ ಕಾಣೆಯಾಗ್ತಿದೆ? ಒಂದು ಕಾರಣ ಕಟಾವು ಮೆಷಿನ್ನು. ಕೂಲಿಯವ್ರು ಸಿಗಲ್ಲ, ಎಲ್ಲಾ ಬೆಂಗಳೂರಿಗೇ ಬಂದಿದ್ದಾರೆ, ಮೆಷಿನ್ ಹೊಲಕ್ಕಿಳಿದ್ರೆ ಮಧ್ಯದಲ್ಲಿ ಹಸಿರಾಗಿ ನಿಂತಿರೋ ತೊಗರಿನೂ ಸೇರಿಸಿ ಬೋಳಿಸಿಬಿಡುತ್ತೆ, ಅದಕ್ಕೆ ಬರೀ ರಾಗಿ ಹಾಕ್ಬಿಡೋಣ ಅಂತಾರೆ. ಇನ್ನೊಂದು ಕಾರಣ ನಾವೇ. ರಾಗಿಗೆ ಬೆಂಬಲ ಬೆಲೆ ಇದೆ, 2025-26ಕ್ಕೆ ಕ್ವಿಂಟಾಲ್‌ಗೆ 4886 ರೂಪಾಯಿ, ಖರೀದಿ ಕೇಂದ್ರದ ಮುಂದೆ ಕ್ಯೂ ನಿಂತಾದ್ರೂ ಹಾಕ್ಬೋದು. ನಾಕು ಸೇರು ಹುಚ್ಚೆಳ್ಳು, ಹತ್ತು ಸೇರು ಅಲಸಂದೆ ಹಿಡ್ಕೊಂಡು ಆ ಮನುಷ್ಯ ಯಾವ ಕ್ಯೂನಲ್ಲಿ ನಿಲ್ಬೇಕು? 2023ನ್ನ ಸಿರಿಧಾನ್ಯ ವರ್ಷ ಅಂತ ವಿಶ್ವಸಂಸ್ಥೆನೇ ಘೋಷಿಸ್ತು, ಬೆಂಗಳೂರಲ್ಲಿ ರಾಗಿ ಕುಕ್ಕಿ ರಾಗಿ ಪಿಜ್ಜಾ ಎಲ್ಲಾ ಬಂತು, ಆ ರಾಗಿ ಪಕ್ಕದ ಸಾಲಲ್ಲಿ ಏನಿತ್ತು ಅಂತ ಯಾರೂ ಕೇಳ್ಲಿಲ್ಲ. ಬರೀ ರಾಗಿನ ಸಾವಯವದಲ್ಲೇ ಬೆಳೆದು ಪ್ಯಾಕೆಟ್ ಮೇಲೆ ಲೋಗೋ ಹಾಕ್ಬೋದು, ಆದ್ರೆ ಆ ಹೊಲದಲ್ಲಿ ಜೇನಿಗೆ ಹೂವಿಲ್ಲ, ರೈತನ ಮನೇಲಿ ಬೇಳೆ ಇಲ್ಲ.

ಲೋಗೋ ವಿಷಯ ಬೇಗ ಮುಗಿಸ್ತೀನಿ. ಗ್ರೂಪಲ್ಲಿ ಯಾರೋ ಸರ್ಟಿಫಿಕೇಟ್ ಎಲ್ಲಿ ಅಂದ್ರು, ಕೇಳೋದು ತಪ್ಪೇನಲ್ಲ. ಸಣ್ಣ ರೈತರಿಗೆ ಪಿಜಿಎಸ್ (ರೈತರೇ ಸೇರಿ ಸಾವಯವ ಅಂತ ಖಾತರಿ ಕೊಡೋ ವ್ಯವಸ್ಥೆ) ಅಂತ ಇದೆ, ಕನಿಷ್ಠ ಐದು ಜನ ರೈತರು ಗುಂಪು ಮಾಡ್ಕೊಂಡು ಒಬ್ಬರ ಹೊಲ ಇನ್ನೊಬ್ಬರು ನೋಡಿ ಸಹಿ ಹಾಕೋದು, ಪರಿವರ್ತನೆ ಆಗ್ತಿರೋ ಹೊಲಕ್ಕೆ ಗ್ರೀನ್, ಪೂರ್ತಿ ಆದ್ಮೇಲೆ ಆರ್ಗ್ಯಾನಿಕ್. ಹೊರಗಿನ ಏಜೆನ್ಸಿ ಕರೆಸೋ ಖರ್ಚಿಗೆ ಹೋಲಿಸಿದ್ರೆ ಇದು ಏನೂ ಅಲ್ಲ. ನಮ್ಮ ಗೌಡ್ರ ಊರಲ್ಲಿ ಆ ಐದು ಜನಾನೇ ಸೇರ್ತಿಲ್ಲ, ಹಾಗಾಗಿ ಬೇಕಾದವ್ರು ಒಂದು ಭಾನುವಾರ ಬಂದು ಹೊಲ ನೋಡ್ಲಿ ಅಂದ್ವಿ. ಸರ್ಟಿಫಿಕೇಟ್ ಕೇಳಿದವ್ರು ಬರ್ಲಿಲ್ಲ ಬಿಡಿ.

ಅವರೆಕಾಯಿ ಕಥೆ ಇನ್ನೂ ಚೆನ್ನಾಗಿದೆ. ಅಕ್ಕಡೀಲಿ ಹಾಕೋ ನಾಟಿ ಅವರೆ ಹಗಲು ಚಿಕ್ಕದಾದ್ರೇನೇ ಹೂ ಬಿಡೋದು, ಅದಕ್ಕೇ ಚಳೀಲಿ ಮಾತ್ರ ಸಿಗುತ್ತೆ, ಆ ಸೊಗಡು ಬರೋದೂ ಆವಾಗ್ಲೇ, ಕೈಗೆ ಎಣ್ಣೆ ಎಣ್ಣೆ ಅಂಟುತ್ತಲ್ಲ, ಅದು. ವರ್ಷಪೂರ್ತಿ ಬೇಕು ಅನ್ನೋರಿಗೋಸ್ಕರ ಹಗಲು ಎಷ್ಟೇ ಉದ್ದ ಇದ್ರೂ ಹೂ ಬಿಡೋ ತಳಿ ಬಂತು, ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4. ಒಳ್ಳೇ ತಳಿನೇ, ರೈತರಿಗೆ ಬೇಸಿಗೇಲೂ ದುಡ್ಡು ಕಾಣುತ್ತೆ, ನಾನು ಬೈತಿಲ್ಲ. ಆದ್ರೆ ಮೇ ತಿಂಗಳಲ್ಲಿ ಅದನ್ನ ತಂದು ಹಿತಕಿ ಸಾರು ಮಾಡಿ ಸೊಗಡೇ ಇಲ್ಲ ಅಂತ ಮೂಗು ಮುರಿಯೋರ್ನ ಕಂಡ್ರೆ ನಗು ಬರುತ್ತೆ.

ಸರಿ, ಗೌಡ್ರ ಪ್ರಶ್ನೆಗೆ ಉತ್ತರ ಕೊಡ್ಬೇಕಿತ್ತಲ್ಲ. ಈಗ ನಮ್ಮ ನಿಯಮ ಏನಂದ್ರೆ ರಾಗಿ ಬೇಕಾದವ್ರು ಅಕ್ಕಡಿ ಕಾಳಿನ ಪಾಲೂ ತಗೋಬೇಕು, ಬರೀ ರಾಗಿ ಕೊಡಲ್ಲ, ಅರ್ಧ ದುಡ್ಡು ಬಿತ್ತನೆ ಟೈಮಲ್ಲೇ ಕೊಡ್ಬೇಕು, ಬೆಳೆ ಕೈಕೊಟ್ರೆ ಆ ಅರ್ಧ ವಾಪಸ್ ಕೇಳೋ ಹಾಗಿಲ್ಲ. ಗಲಾಟೆ ಆಯ್ತು. ಮೂರನೇ ಫ್ಲೋರ್ ಅಂಕಲ್, "ಹುರುಳಿ ತಗೊಂಡು ನಾವೇನ್ ಮಾಡೋಣಮ್ಮಾ, ಮನೇಲಿ ಕುದುರೆ ಸಾಕಿದ್ದೀವಾ" ಅಂದ್ರು. ಒಂದಷ್ಟು ಮನೆ ಬಿಟ್ಟೋದ್ವು. ಉಳಿದವ್ರಿಗೆ ಗೌಡ್ರ ಮನೆಯವ್ರು ಫೋನಲ್ಲೇ ಪಾಠ ಮಾಡಿದ್ರು: ಹುಚ್ಚೆಳ್ಳನ್ನ ಕೇರಿ ಮಣ್ಣು ತೆಗೀರಿ, ತೊಳೆದು ಒಣಗಿಸಿ, ಸಣ್ಣ ಉರೀಲಿ ಹುರೀರಿ, ಚಟಪಟ ಅಂದ ತಕ್ಷಣ ಇಳಿಸಿ, ಇಲ್ದಿದ್ರೆ ಕಹಿ ಆಗುತ್ತೆ, ಒಣಮೆಣಸಿನಕಾಯಿ ಬೆಳ್ಳುಳ್ಳಿ ಉಪ್ಪು ಚೂರು ಹುಣಸೆಹಣ್ಣು ಹಾಕಿ ಪುಡಿ ಮಾಡಿ. ಆ ಪುಡಿಗೆ ಈಗ ಎಷ್ಟು ಡಿಮ್ಯಾಂಡ್ ಅಂದ್ರೆ ಅಂಕಲ್ ಮನೆ ಆಂಟಿನೇ ನನ್ ಹತ್ರ ಗುಟ್ಟಾಗಿ ಒಂದು ಡಬ್ಬಿ ಇಸ್ಕೊಂಡೋದ್ರು.

ಇದ್ರಿಂದ ಬೆಂಗಳೂರು ಉದ್ಧಾರ ಆಗುತ್ತೆ ಅಂತ ನಾನೇನೂ ಅಂದ್ಕೊಂಡಿಲ್ಲ. ಕೋಟಿಗೂ ಮೀರಿ ಜನ ಇರೋ ಊರು, ಎಲ್ರೂ ಒಬ್ಬೊಬ್ಬ ಗೌಡ್ರನ್ನ ಹುಡ್ಕೊಂಡು ಹೋಗೋಕಾಗುತ್ತಾ? 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸೊಸೈಟಿಯಾಗಿ ಶುರುವಾಗಿ ಈಗ ಹಣ್ಣು ತರಕಾರಿ ಮಾರೋ ಸಹಕಾರಿ ಸಂಸ್ಥೆ ಹಾಪ್‌ಕಾಮ್ಸ್ ಥರದ್ದು ನಮ್ಮಲ್ಲಿ ಆಗ್ಲೇ ಇದೆ, ಅಂಥ ಮಳಿಗೇಲಿ ಅಕ್ಕಡಿ ಕಾಳಿಗೂ ಒಂದು ಮೂಲೆ ಸಿಕ್ರೆ ನಮ್ಮಂಥ ಗ್ರೂಪೇ ಬೇಕಾಗಿಲ್ಲ. ಸದ್ಯಕ್ಕೆ ನಮ್ಮ ತಲೆನೋವು ಟೆಂಪೋ ಬಾಡಿಗೆ. ಕಾಳು ಒಂದೊಂದು ಒಂದೊಂದು ತಿಂಗಳಿಗೆ ಬರುತ್ತೆ, ಪ್ರತಿ ಸಲ ಅಷ್ಟು ಸ್ವಲ್ಪಕ್ಕೆ ಗಾಡಿ ಮಾಡಿದ್ರೆ ಡೀಸೆಲ್ಲಿಗೇ ಸರಿಹೋಗುತ್ತೆ. ತೊಗರಿ ಒಕ್ಕಣೆ ಆಗೋ ತನಕ ಕಾದು ಎಲ್ಲಾ ಒಟ್ಟಿಗೇ ತರಿಸೋಣ ಅಂತ ನಾನು, ಹಸಿ ಅವರೆ ಏನ್ ಮಾಡ್ತೀರ ಅಂತ ಮಿಕ್ಕವ್ರು. ಆ ಜಗಳ ಇನ್ನೂ ನಡೀತಿದೆ.